ಎರಡನೇ ಈರಮ್ಮನ ವಿಚಾರ

೩೦ ಫೆಬ್ರವರಿ ೨೨೯೧, ಕೊಪ್ಪಳ

ವಕೀಲೆ ರುದ್ರಾಂಬಾ ಕಮ್ಮಾರ ಅವರಿಗೆ, ನೀವು ಕಾಣದ ಮೊಮ್ಮಗಳೊಬ್ಬಳ ನಮಸ್ಕಾರ.

ತಾರೀಖು ತಪ್ಪಿಲ್ಲ ತಾಯಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಮಾತು ಬಹಳ ಬದಲಾಗಿದೆ. ನಿಮ್ಮ ಡೈರಿಗಳನ್ನು ಓದಿ ಓದಿಯೇ ನಿಮ್ಮ ಕಾಲದ ಕನ್ನಡ ಕಲಿತೆ. ಎಲ್ಲಾದರೂ ಎಡವಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ಹಿಂದಂಚೆಯಲ್ಲಿ ಬಂದ ಕಾಗದ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ, ಯಾವ ದಿನ ಮುಟ್ಟಬೇಕೆಂದು ನಾವೇ ಮೇಲೆ ಬರೆಯಬೇಕು. ಆ ಒಂದು ದಿನ ಆರಿಸಲು ನನಗೆ ಹನ್ನೊಂದು ತಿಂಗಳು ಹಿಡಿಯಿತು.

ನಾನು ಇಲ್ಲಿನ ನ್ಯಾಯಾಲಯದಲ್ಲಿ ಹೆಸರೋದುಗಾರ್ತಿ. ಬೆಳಿಗ್ಗೆ ರೊಟ್ಟಿ ತಿಂದು ಹೊರಟು, ಕಲಾಪ ಶುರುವಾಗುವ ಮೊದಲು ಕಕ್ಷಿದಾರರ ಹೆಸರನ್ನೆಲ್ಲ ಗಟ್ಟಿಯಾಗಿ ಓದುತ್ತೇನೆ. ಹೋದ ವಾರ ನೆರೆಯಲ್ಲಿ ಮನೆ ಕಳೆದುಕೊಂಡವರ ಮೊಕದ್ದಮೆಗೆ ಮೂರು ದಿನ ಓದಿ ಗಂಟಲು ಕಟ್ಟಿಹೋಯಿತು. ‘ಮತ್ತು ಇತರರು’ ಎಂದು ಯಾರೂ ಬರೆಯುವಂತಿಲ್ಲ. ಒಂದೇ ಹೆಸರು ಎರಡು ಸಲ ಬಂದರೆ ಇಬ್ಬರೂ ಎದ್ದು ಮುಖ ತೋರಿಸಬೇಕು. ಇದಕ್ಕೆ ರುದ್ರಾಂಬಾ ನಿಯಮ ಎನ್ನುತ್ತೇವೆ. ಸಿಟ್ಟಾಗಬೇಡಿ, ನಿಮ್ಮ ತಪ್ಪಿನಿಂದ ಹುಟ್ಟಿದ್ದಕ್ಕೆ ನಿಮ್ಮದೇ ಹೆಸರು.

ಆ ಕಲ್ಲು ಕ್ವಾರಿಯ ಜೀತದವರ ಅರ್ಜಿಯನ್ನು ನೀವು ಮರೆತಿರಲಾರಿರಿ. ಮೊದಲ ಹೆಸರು ಬರೆದು ‘ಮತ್ತು ಇತರರು’ ಎಂದಿದ್ದರೆ ಕೋರ್ಟಿಗೆ ಸಾಕಿತ್ತು. ನೀವು ಹಟ ಹಿಡಿದು ನಲವತ್ನಾಲ್ಕು ಹೆಸರನ್ನೂ ಬರೆಸಿದಿರಿ. ಅದರಲ್ಲಿ ‘ಈರಮ್ಮ, ಗಂಡ ದಿವಂಗತ ಹನುಮಪ್ಪ’ ಎರಡು ಸಲ ಬಂತು. ಟೈಪಿಸ್ಟ್ ಎರಡು ಸಲ ಹೊಡೆದಿದ್ದಾನೆಂದುಕೊಂಡು ಒಂದನ್ನು ನಿಮ್ಮ ಕೈಯಾರೆ ಹೊಡೆದುಹಾಕಿದಿರಿ. ಬಿಡುಗಡೆಯ ದಿನ ಕ್ವಾರಿಯ ಗೇಟಿನಲ್ಲಿ ಅಧಿಕಾರಿ ಈರಮ್ಮ ಎಂದು ಕೂಗಿದಾಗ ಇಬ್ಬರು ಎದ್ದರು. ಆದೇಶದಲ್ಲಿದ್ದದ್ದು ಒಬ್ಬಳೇ. ಎರಡನೆಯವಳು ಒಳಗೇ ಉಳಿದಳು. ತಿದ್ದಿದ ಆದೇಶ ಹಿಡಿದು ನೀವು ಒಂಬತ್ತನೇ ದಿನ ಓಡಿಬರುವಷ್ಟರಲ್ಲಿ ಮಾಲೀಕ ಅವಳನ್ನು ಸಾಗಿಸಿಬಿಟ್ಟಿದ್ದ.

ಅಲ್ಲಿಂದ ಮೂವತ್ತೊಂದು ವರ್ಷ ಹುಡುಕಿದಿರಿ. ಅಬ್ಬಾ, ಅದೇನು ಹುಡುಕಾಟ ತಾಯಿ! ಕ್ವಾರಿ, ಇಟ್ಟಿಗೆ ಗೂಡು, ಕೋಳಿ ಫಾರಂ, ಒಂದನ್ನೂ ಬಿಡಲಿಲ್ಲ. ಹೋದಲ್ಲೆಲ್ಲ ಈರಮ್ಮ ಇರಲಿಲ್ಲ, ಬೀಗದ ಹಿಂದೆ ಬೇರೆ ಯಾರೋ ಇದ್ದರು. ಅವರ ಪರವಾಗಿ ಅರ್ಜಿ ಹಾಕಿದಿರಿ. ಕಾರಿನ ಗಾಜು ಒಡೆದರು, ಕೋರ್ಟಿನ ಕ್ಯಾಂಟೀನಿನಲ್ಲಿ ಈ ಯಮ್ಮಗೆ ತಲೆ ಕೆಟ್ಟಿದೆ ಎಂದು ಆಡಿಕೊಂಡರು. ನೀವು ಕ್ಯಾರೇ ಅನ್ನಲಿಲ್ಲ. ಸಾವಿರದ ಎಂಟುನೂರ ಆರು ಜನ ಹೊರಬಂದರು. ಆ ಸಂಖ್ಯೆ ಓದಿದಾಗ ಕೂತಲ್ಲಿಂದ ಎದ್ದು ನಿಂತೆ. ಆದರೂ ಪ್ರತಿ ವರ್ಷದ ಡೈರಿಯ ಕೊನೆಯಲ್ಲಿ ಅದೇ ಸಾಲು: ಈರಮ್ಮ ಸಿಗಲಿಲ್ಲ.

ಅವಳು ತಪ್ಪಿಸಿಕೊಂಡಿದ್ದಳು. ಸಾಗಿಸುವಾಗಲೇ ಟ್ರ್ಯಾಕ್ಟರಿನಿಂದ ಹಾರಿದಳು. ಆದೇಶದಲ್ಲಿ ಹೆಸರಿಲ್ಲ, ಪೊಲೀಸರು ಹಿಡಿದು ಮತ್ತೆ ಕ್ವಾರಿಗೇ ಒಪ್ಪಿಸುತ್ತಾರೆಂದು ಹೆದರಿ ಹುಲಿಗೆಮ್ಮ ಎಂದು ಹೆಸರು ಬದಲಿಸಿಕೊಂಡಳು. ಹೊಸಪೇಟೆಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿದಳು, ಮತ್ತೆ ಮದುವೆಯಾದಳು, ಮೂರು ಮಕ್ಕಳನ್ನು ಸಾಕಿದಳು. ಸಾಯುವ ಮುಂಚೆ ಮಗಳಿಗೆ ಗುಟ್ಟು ಹೇಳಿದಳು. ನಾನು ಅವಳ ಎಂಟನೇ ತಲೆಮಾರು.

ನೀವು ಹುಡುಕಲು ಹೊರಟ ಮೊದಲ ದಿನಕ್ಕೇ ಈ ಕಾಗದ ಕಳಿಸಬೇಕೆಂದಿದ್ದೆ. ಆದರೆ ಅವಳು ಸುಖವಾಗಿದ್ದಾಳೆಂದು ಗೊತ್ತಾಗಿದ್ದರೆ ಮುಂದಿನ ಬೀಗ ತೆಗೆಸಲು ಹೋಗುತ್ತಿದ್ದಿರಾ? ಹೋಗುತ್ತಿದ್ದಿರೇನೋ. ಅದನ್ನು ಪರೀಕ್ಷಿಸುವ ಧೈರ್ಯ ನನಗಾಗಲಿಲ್ಲ. ನನ್ನ ಗಂಡ ಆ ಸಾವಿರದ ಎಂಟುನೂರರಲ್ಲಿ ಒಬ್ಬರ ವಂಶದವನು. ನನ್ನ ಪಕ್ಕದ ಮನೆಯವರೂ ಹಾಗೆಯೇ.

ಅದಕ್ಕೇ ನಿಮ್ಮ ಡೈರಿ ನಿಂತುಹೋದ ದಿನವನ್ನು ಆರಿಸಿದೆ. ನೀವೀಗ ಆಸ್ಪತ್ರೆಯ ಹಾಸಿಗೆಯಲ್ಲಿದ್ದೀರಿ, ಇನ್ನು ಎದ್ದು ಎಲ್ಲಿಗೂ ಹೋಗಲಾರಿರಿ. ಒಂದು ಮಾತು ಹೇಳಿ ಇಳಿಸಬಹುದಾಗಿದ್ದ ಸಂಕಟವನ್ನು ಮೂವತ್ತೊಂದು ವರ್ಷ ನಿಮ್ಮ ಎದೆಯ ಮೇಲೆ ಬಿಟ್ಟವಳು ನಾನು. ಬಾಯಿತುಂಬ ಬೈದುಬಿಡಿ, ನನಗೆ ಅದು ಸಲ್ಲಬೇಕಾದದ್ದೇ. ಆಮೇಲೆ ನಿಶ್ಚಿಂತೆಯಾಗಿ ಕಣ್ಣು ಮುಚ್ಚಿ, ತಾಯಿ.

ನಿಮ್ಮ ಕೂಸು,
ದ್ಯಾಮವ್ವ