ಹೆಂಡತಿಯ ಖಾನೆ

ವೆಸ್ಟ್ ಹಾರ್ಲೋ, ಮ್ಯಾಸಚೂಸೆಟ್ಸ್
ಮೇ 9, 1891

ಮಿಸ್ ಫಿಲೀನಾ ಮಾರ್ಷ್ ಅವರಿಗೆ, ಹಲ್ಡಾ ಥರ್ಲೋ ಮಾಡುವ ವಂದನೆಗಳು.

'ಪ್ರಿಯ' ಎಂದು ಶುರು ಮಾಡುವುದು ವಾಡಿಕೆ. ಹಾಗೇ ಬರೆಯಲು ಹೊರಟೆ, ಕೈ ಏಳಲಿಲ್ಲ. ಇಷ್ಟು ವರ್ಷ ನನ್ನ ಗಂಡ, ಡಾಕ್ಟರು, ನಿಮ್ಮ ಹೆಸರಿನ ಹಿಂದೆ ಆ ಪದವನ್ನು ಧಾರಾಳವಾಗಿ ಖರ್ಚು ಮಾಡಿದ್ದಾರೆ. ನನ್ನ ಕಡೆಯಿಂದಲೂ ಬೇಕಿಲ್ಲ ಅಂದುಕೊಳ್ಳುತ್ತೇನೆ.

ನಿಮ್ಮ ಪೆಟ್ಟಿಗೆ ಬಂದು ಮುಟ್ಟಿತು. ಡಾಕ್ಟರು ನಿಮಗೆ ಬರೆದ ಪತ್ರಗಳನ್ನೆಲ್ಲ ವರ್ಷದ ಪ್ರಕಾರ ಜೋಡಿಸಿ, ನೀಲಿ ರಿಬ್ಬನ್ ಕಟ್ಟಿ, ನಡುನಡುವೆ ಒಣಗಿದ ಲ್ಯಾವೆಂಡರ್ ಇಟ್ಟು ಕಳಿಸಿದ್ದೀರಿ. ಈಗ ನಮ್ಮ ಅಡುಗೆಮನೆಯೆಲ್ಲ ನಿಮ್ಮ ವಾಸನೆ. ನಿನ್ನೆ ಸುಟ್ಟ ಬ್ರೆಡ್ಡಿಗೂ ಹತ್ತಿಕೊಂಡಿದೆ. 'ಮೊದಲು ನೀವು ಓದಿ, ಹೊರಗೆ ಹೋಗಬಾರದು ಅನ್ನಿಸಿದ್ದನ್ನು ತೆಗೆದಿಟ್ಟು, ಉಳಿದದ್ದನ್ನು ಕಾಲೇಜಿಗೆ ಕೊಡಿ, ಅದು ವಿಧವೆಯ ಹಕ್ಕು' ಎಂದು ಬರೆದಿದ್ದೀರಿ. ದೊಡ್ಡ ಮನಸ್ಸು ನಿಮ್ಮದು. ನನ್ನದು ಅಷ್ಟು ದೊಡ್ಡದಲ್ಲ. ನನ್ನ ಮನೆಯಲ್ಲಿ ದೊಡ್ಡದು ಅಂದರೆ ಒಲೆಯೊಂದೇ.

ನಮ್ಮ ಊರಿನ ಕಾಲೇಜಿನವರು ಗ್ರಂಥಾಲಯದಲ್ಲಿ ಡಾಕ್ಟರ ಕಾಗದಪತ್ರಗಳಿಗೆಂದೇ ಒಂದು ಕೋಣೆ ಕಟ್ಟಿಸಿದ್ದಾರೆ. ಬೆಂಕಿ ಬಿದ್ದರೂ ತಾಗದಂತೆ ಇಟ್ಟಿಗೆಯ ಗೋಡೆ, ಕಬ್ಬಿಣದ ಬಾಗಿಲು. ಗ್ರಂಥಪಾಲಕರು ಗೇಲಾರ್ಡ್ ಅಂತ, ಬಾಸ್ಟನ್ನಿನಿಂದ ಹೊಸದಾಗಿ ಬಂದವರು, ಮಾರ್ಚಿನಲ್ಲಿ ನಮ್ಮ ಮನೆಗೆ ಬಂದು ಕಾಫಿ ಕುಡಿಯುತ್ತ ಒಳಗಿನ ಬೀರುವನ್ನು ವರ್ಣಿಸಿದರು. ಪ್ರಕಾಶಕರ ಪತ್ರಗಳಿಗೆ ಒಂದು ಖಾನೆ, ಬೇರೆ ವೈದ್ಯರ ಪತ್ರಗಳಿಗೆ ಒಂದು, ಅವರ ಪ್ರಬಂಧಗಳ ಕೈಬರಹಕ್ಕೆ ಮೂರು, ಅವುಗಳನ್ನು ಅಚ್ಚು ಹಾಕಿದ ಪತ್ರಿಕೆಯ ಸಂಪಾದಕಿಯಾದ ನಿಮಗೆ ಒಂದು.

"ನಿಮ್ಮ ಹೆಸರಿಗೂ ಒಂದು ಮಾಡ್ಸಿದೀವಿ ಮಿಸೆಸ್ ಥರ್ಲೋ, ನಡುಮಧ್ಯದಲ್ಲೇ! ಹಿತ್ತಾಳೆ ಪಟ್ಟಿ ಕೂಡ ಬಡ್ದಾಯ್ತು. ಡಾಕ್ಟ್ರು ನಿಮಗೆ ಬರೆದಿದ್ದನ್ನೆಲ್ಲ ಯಾವಾಗ ಕೊಡ್ತೀರಿ?" ಎಂದರು.

ಹುಡುಕಿಡುತ್ತೇನೆ ಎಂದೆ. ಹುಡುಕುವುದೇನು ಮಣ್ಣು! ಡಾಕ್ಟರು ನನಗೆ ಒಂದು ಪತ್ರವನ್ನೂ ಬರೆದವರಲ್ಲ. ಬರೆಯಬೇಕಾದರೆ ನಾನು ದೂರ ಹೋಗಬೇಕಿತ್ತಲ್ಲ. ಯುದ್ಧ ಮುಗಿಸಿಕೊಂಡು ಈ ಊರಿಗೆ ಬಂದವರು ಎದುರುಮನೆಯ ಹುಡುಗಿಯನ್ನು ಮದುವೆಯಾದರು. ರಸ್ತೆ ದಾಟಿ ಬಂದು ಕೇಳಿದರು, ನಾನು ರಸ್ತೆ ದಾಟಿ ಹೋದೆ. ಆಮೇಲೆ ಒಂದು ರಾತ್ರಿಯೂ ನಾನು ಬೇರೆ ಸೂರಿನ ಕೆಳಗೆ ಮಲಗಿಲ್ಲ. ಹಿಮ ಬಿದ್ದಾಗ ಅವರು ರೋಗಿಗಳ ಮನೆಗೆ ಹೊರಟರೆ ಜಾರುಬಂಡಿಯ ಲಗಾಮು ಹಿಡಿದವಳೂ ನಾನೇ.

ಹಾಗೆಂದು ಅವರು ನನಗೆ ಏನೂ ಬರೆಯುತ್ತಿರಲಿಲ್ಲ ಎಂದಲ್ಲ. ಬಾಗಿಲ ಪಕ್ಕದಲ್ಲಿ ಒಂದು ಸ್ಲೇಟು ತೂಗುಹಾಕಿದೆ. ಡಾಕ್ಟರಿಲ್ಲದಾಗ ಬಂದವರು ಅದರ ಮೇಲೆ ಹೆಸರು ಬರೆದಿಟ್ಟು ಹೋಗುತ್ತಿದ್ದರು. ಡಾಕ್ಟರು ಹೊರಡುವಾಗ ಅದೇ ಸ್ಲೇಟಿನ ಮೂಲೆಯಲ್ಲಿ ಬಳಪದಿಂದ ನನಗೆ ಬರೆಯುತ್ತಿದ್ದರು: 'ಗಿರಣಿಯವರ ಮನೆಗೆ. ಬೀನ್ಸ್ ಬಿಸಿಯಾಗಿರಲಿ.' ಸಂಜೆ ನಾನೇ ಅದನ್ನು ಒರೆಸುತ್ತಿದ್ದೆ. ನಿಮಗೆ ನದಿಯ ಮೇಲಿನ ಮಂಜಿನ ಬಗ್ಗೆ ನಾಲ್ಕು ಪುಟ, ನನಗೆ ಬೀನ್ಸು. ಹೊಟ್ಟೆಕಿಚ್ಚೇ ಎಂದು ನೀವು ಕೇಳಬಹುದು. ಹೌದು, ಹೊಟ್ಟೆಕಿಚ್ಚೇ. ಬೇರೆ ಒಳ್ಳೆಯ ಹೆಸರು ಕೊಡುವಷ್ಟು ನಾಜೂಕು ನನಗಿಲ್ಲ. ನೀವು ಅವರನ್ನು ಕಣ್ಣಿಂದ ನೋಡಿದವರೇ ಅಲ್ಲ ಎಂಬುದು ಗೊತ್ತು. ಅದಕ್ಕೇ ಇನ್ನಷ್ಟು ಉರಿ. ಅವರ ಗೊರಕೆ ಕೇಳದೆ, ಕೆಸರಿನ ಬೂಟು ತೊಳೆಯದೆ, ಬರೀ ಒಳ್ಳೆಯದನ್ನೇ ಹೆಕ್ಕಿಕೊಂಡಿರಿ.

ಡಾಕ್ಟರ ಅಕ್ಕ ಬೇತಿಯಾ ಪೆಟ್ಟಿಗೆ ಬಂದ ಸುದ್ದಿ ಕೇಳಿ, ಟೋಪಿಯ ದಾರವನ್ನೂ ಕಟ್ಟಿಕೊಳ್ಳದೆ ಓಡಿ ಬಂದರು. "ಪೆಟ್ಟಿಗೆ ತುಂಬ ಅಂತೆ ಕಣೇ ಹಲ್ಡಾ! ನಮ್ಮಪ್ಪ ಸತ್ತಾಗ ಒಡಹುಟ್ಟಿದ ನನಗೆ ಎರಡು ಸಾಲು ಗೀಚಲಿಲ್ಲ ಈ ಮಹಾರಾಯ. ಒಲೆಗೆ ಹಾಕೇ, ಹಾಕು! ನಾನು ಬಾಗಿಲು ಕಾಯ್ತೀನಿ" ಎಂದರು. ಒಲೆಯ ಮುಚ್ಚಳವನ್ನು ಅವರೇ ಎತ್ತಿಯೂ ಬಿಟ್ಟರು. ಮೊದಲು ಓದುತ್ತೇನೆ ಎಂದೆ. "ಓದಿದ್ಮೇಲೆ ನೀನು ಸುಡಲ್ಲ, ನಂಗೊತ್ತು" ಎಂದು ಮುಖ ಊದಿಸಿಕೊಂಡು ಹೋದರು.

ಓದಿದೆ. ಓದುತ್ತ ಒಂದು ಕಡೆ ನಗು ತಡೆಯದೆ ಕುರ್ಚಿ ಹಿಡಿದುಕೊಂಡೆ. 'ಜ್ವರದವರ ಮನೆಗೆ ಹೋದರೆ ಮೊದಲು ನೋಡಬೇಕಾದ್ದು ರೋಗಿಯ ನಾಲಿಗೆಯನ್ನಲ್ಲ, ಅವಳ ಅತ್ತೆಯ ಮುಖವನ್ನು' ಎಂದು ಅವರು ನಿಮಗೆ ಬರೆದಿದ್ದಾರಲ್ಲ, ಅದರ ಕೆಳಗೆ ನೀವು ಪೆನ್ಸಿಲಿನಿಂದ ಎರಡು ಗೆರೆ ಎಳೆದು 'ಇದು ಥರ್ಲೋ ಒಬ್ಬರಿಂದಲೇ ಸಾಧ್ಯ' ಎಂದು ಅಂಚಿನಲ್ಲಿ ಬರೆದಿದ್ದೀರಿ. ಆ ಮಾತು ನನ್ನದು ತಾಯಿ! ಬೆಳಗಿನ ತಿಂಡಿಗೆ ಜೋಳದ ಗಂಜಿ ಬಡಿಸುತ್ತ ಹೇಳಿದ್ದೆ. ಅವರು ಚಮಚ ಕೆಳಗಿಟ್ಟು, "ನಿನ್ನ ನಾಲಿಗೆಗೆ ಔಷಧಿ ಇನ್ನೂ ಯಾರೂ ಕಂಡುಹಿಡಿದಿಲ್ಲ ಕಣೇ" ಎಂದು ನಕ್ಕಿದ್ದರು. ಪಾದ್ರಿಗಳ ಕೆಮ್ಮು ಭಾನುವಾರದ ಉಪದೇಶಕ್ಕೆ ಮುಂಚೆ ಶನಿವಾರ ಹತ್ತಿ ಸೋಮವಾರ ಇಳಿಯುವ ಮಾತೂ ನನ್ನದೇ. ಒಂದೊಂದು ಕಟ್ಟು ಬಿಚ್ಚಿದಾಗಲೂ ನನ್ನ ಊಟದ ಮೇಜಿನ ಮಾತುಗಳು ಒಗೆದು ಇಸ್ತ್ರಿ ಮಾಡಿಸಿಕೊಂಡು ಎದ್ದುಬಂದವು. ನೀವು ಗೆರೆ ಎಳೆದದ್ದರಲ್ಲಿ ಅರ್ಧ ಹಲ್ಡಾಳದು. ಓದುಗರು ಅವರ ಪ್ರಬಂಧಗಳಲ್ಲಿ ಮೆಚ್ಚಿದ್ದೂ ಅದೇ ಅರ್ಧ ಇರಬೇಕು ಎಂಬ ಜಂಬ ನನಗೆ ಬಂತು. ಒಂದು ಮಧ್ಯಾಹ್ನವಿಡೀ ಆ ಜಂಬದಲ್ಲಿ ಸುಖವಾಗಿದ್ದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮುಂದಿನ ಕಟ್ಟಿನಲ್ಲಿ ಆ ಫೆಬ್ರವರಿಯ ಪತ್ರ ಸಿಕ್ಕಿತು. ಅದರಲ್ಲಿ ನನ್ನ ಒಂದು ಮಾತೂ ಇಲ್ಲ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಕಮ್ಮಾರನ ಪುಟ್ಟ ಮಗಳಿಗೆ ಗಂಟಲುಮಾರಿ. ಡಾಕ್ಟರು ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಉಸಿರಿಗಾಗಿ ಗುದ್ದಾಡಿದರು, ಮಗು ಉಳಿಯಲಿಲ್ಲ. ಹಿಂದಿರುಗುವಾಗ ಲಗಾಮು ನನ್ನ ಕೈಯಲ್ಲಿತ್ತು. ಮನೆಗೆ ಬಂದು ಬಿಸಿನೀರಿನಲ್ಲಿ ಅವರ ಕೈ ತೊಳೆದೆ, ಟೀ ಕೊಟ್ಟೆ, "ಏನಾದ್ರೂ ಮಾತಾಡಿ" ಎಂದೆ. "ಏನಿಲ್ಲ ಹಲ್ಡಾ, ನೀನು ನಿನ್ನ ಕೆಲಸ ನೋಡ್ಕೊ" ಎಂದು ಓದುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡು ಊಟದ ಹೊತ್ತಿನವರೆಗೂ ಆ ಕಡೆ ಯಾರನ್ನೂ ಬಿಡಲಿಲ್ಲ. ಅವರು ನಿಮಗೆ ಬರೆಯುತ್ತಿದ್ದರು.

ನಿಮಗೆ ಬಾಯಿಪಾಠವೇ ಇರಬೇಕು: 'ಇಂದು ಒಂದು ಮಗು ನನ್ನ ಕೈಯಲ್ಲೇ ಹೋಯಿತು. ಈ ಕೈಗಳನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ನೀನು ಇಲ್ಲಿರಬೇಕಿತ್ತು. ಈ ಮನೆಯಲ್ಲಿ ನನ್ನ ಮಾತು ಕೇಳಲು ಇವತ್ತು ಯಾರೂ ಇಲ್ಲ.'

ಯಾರೂ ಇಲ್ಲ! ಗೋಡೆಯ ಈಚೆ ನಾನು ಬಟ್ಟಲು ತೊಳೆಯುತ್ತಿದ್ದೆ, ಫಿಲೀನಾ. ಆ ಕೈಗಳನ್ನು ಒರೆಸಿದ ಬಟ್ಟೆ ಇನ್ನೂ ನನ್ನ ಹೆಗಲ ಮೇಲಿತ್ತು. ಅವರು ನಿಮಗೆ ಮುತ್ತು ಕಳಿಸಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಬೈದು, ಅತ್ತು, ಒಂದು ವಾರದಲ್ಲಿ ಸುಮ್ಮನಾಗುತ್ತಿದ್ದೆ. ಈ ದುಃಖ ನನಗೆ ಸೇರಬೇಕಾದದ್ದು. ನನ್ನ ಎದುರೇ ಆದದ್ದು. ಅದನ್ನು ಅವರು ಮಡಚಿ, ಅಂಟಿಸಿ, ಫಿಲಡೆಲ್ಫಿಯಾಕ್ಕೆ, ನಿಮಗೆ ಕಳಿಸಿಬಿಟ್ಟರು. ಮುಖಾಮುಖಿ ಕೂತವಳಿಗೆ ಹೇಳಲಾಗದ್ದನ್ನು ಕಾಣದವಳಿಗೆ ಹೇಳುವುದು ಗಂಡಸರಿಗೆ ಸುಲಭವೇನೋ. ಹಾಗೆಂದು ನನಗೆ ನಾನೇ ಸಮಾಧಾನ ಹೇಳಿ ನೋಡಿದೆ. ಸಮಾಧಾನವಾಗಲಿಲ್ಲ.

ಒಲೆಯ ಮುಚ್ಚಳವನ್ನು ಅವತ್ತು ನಾನೇ ಎತ್ತಿದೆ. ಇಡೀ ಪೆಟ್ಟಿಗೆಯನ್ನು ಸುರಿಯುವವಳಿದ್ದೆ. ಆದರೆ ಅವರ ಬದುಕಿನಲ್ಲಿ ಇದಕ್ಕಿಂತ ಚೆನ್ನಾಗಿ ಅವರು ಏನನ್ನೂ ಬರೆದಿಲ್ಲ. ಪುಸ್ತಕಗಳಲ್ಲಿ ಅವರಿಗೆ ಸ್ವಲ್ಪ ಬಿಗುಮಾನ. ನಿಮ್ಮ ಹತ್ತಿರ ಮಾತ್ರ ಮನುಷ್ಯರಂತೆ ಮಾತಾಡಿದ್ದಾರೆ. ನನಗೆ ಎಷ್ಟೇ ಸಂಕಟವಾದರೂ ಅಷ್ಟು ತಿಳಿಯುತ್ತದೆ. ಸುಟ್ಟರೆ ಅವರನ್ನು ಇನ್ನೊಮ್ಮೆ ಮಣ್ಣು ಮಾಡಿದಂತೆ. ಸುಡದಿದ್ದರೆ, ಮುಂದೆ ಆ ಕೋಣೆಗೆ ಬಂದು ಕೂರುವ ಓದಿದವರೆಲ್ಲ ನಡುಮಧ್ಯದ ಖಾಲಿ ಖಾನೆ ಎಳೆದು ನೋಡಿ, 'ಪಾಪ, ಹೆಂಡತಿ ಹೆಸರಿಗೊಬ್ಬಳಿದ್ದಳು' ಎನ್ನುತ್ತಾರೆ. ಒಲೆಯ ಮುಂದೆ ಬಹಳ ಹೊತ್ತು ನಿಂತೆ, ಕೆಂಡ ಬೂದಿಯಾಯಿತು.

ಒಂದನ್ನೂ ಸುಟ್ಟಿಲ್ಲ. ನಿಮ್ಮ ರಿಬ್ಬನ್ನನ್ನೇ ಮತ್ತೆ ಕಟ್ಟಿ ನಿನ್ನೆ ಪೆಟ್ಟಿಗೆಯನ್ನು ಕಾಲೇಜಿಗೆ ಕೊಂಡುಹೋಗಿ ಕೊಟ್ಟೆ. ಲ್ಯಾವೆಂಡರ್ ಮಾತ್ರ ತೆಗೆದು ಎಸೆದಿದ್ದೇನೆ, ಕ್ಷಮಿಸಿ.

ಜೂನಿನಲ್ಲಿ ಕೋಣೆಯ ಉದ್ಘಾಟನೆಗೆ ಬರುತ್ತೇನೆ, ಅವರು ಬರೆಯುತ್ತಿದ್ದ ಮೇಜಿನ ಮುಂದೆ ಒಂದು ಗಳಿಗೆ ಕೂರಬೇಕು ಎಂದು ಕೇಳಿದ್ದೀರಿ. ಬನ್ನಿ. ಹೋಟೆಲಿಗೆ ಹೋಗಬೇಡಿ, ಊರವರಿಗೆ ಮಾತಾಡಲು ಅಷ್ಟೇ ಸಾಕು. ಉಪ್ಪರಿಗೆಯ ಕೋಣೆ ಗುಡಿಸಿಡುತ್ತೇನೆ. ಶನಿವಾರ ಬಂದರೆ, ನಮ್ಮ ಕಡೆಯ ವಾಡಿಕೆಯಂತೆ, ಬೀನ್ಸ್ ಇರುತ್ತದೆ. ಮೇಜಿನ ಮುಂದೆ ಕೂರುವಾಗ ಬಾಗಿಲು ತೆರೆದೇ ಇರಲಿ, ಅಷ್ಟೇ ನನ್ನ ಕೋರಿಕೆ.

ಇಂತಿ,
ಹಲ್ಡಾ ಥರ್ಲೋ
(ಡಾಕ್ಟರ್ ಆನ್ಸೆಲ್ ಥರ್ಲೋ ಅವರ ಹೆಂಡತಿ)

ಬರೆಯದೆ ಬಿಟ್ಟ ಒಂದು ಮಾತು: ಆ ಫೆಬ್ರವರಿಯ ಪತ್ರ ನಿಮ್ಮ ಖಾನೆಯಲ್ಲಿ ಸಿಗುವುದಿಲ್ಲ. ಮೇಲಿನ 'ಪ್ರಿಯ ಫಿಲೀನಾ' ಎಂಬ ಒಂದು ಸಾಲನ್ನು ಕತ್ತರಿಯಿಂದ ಕತ್ತರಿಸಿ, ಉಳಿದ ಪತ್ರವನ್ನು ಬೇರೆಯಾಗಿ, ನನಗೆ ಬಂದದ್ದೆಂದು ಗೇಲಾರ್ಡರ ಕೈಗಿಟ್ಟೆ. ಅವರು ಕಿಟಕಿಯ ಹತ್ತಿರ ನಿಂತು ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. "ಇದೊಂದೇ ಸಾಕು ಮಿಸೆಸ್ ಥರ್ಲೋ, ಎಷ್ಟು ಹಂಬಲಿಸಿದಾರೆ ನಿಮಗೋಸ್ಕರ! ಅವತ್ತು ನೀವು ಊರಲ್ಲಿರ್ಲಿಲ್ಲ ಅನ್ಸುತ್ತೆ?" ಎಂದರು. ಹೌದು, ಇರಲಿಲ್ಲ ಎಂದೆ. ನಿಜ ಗೊತ್ತಿರುವುದು ನಿಮಗೊಬ್ಬರಿಗೇ. ಜೂನಿನಲ್ಲಿ ನೀವು ಬಾಯಿ ಬಿಟ್ಟರೆ ನನ್ನ ಖಾನೆ ಮತ್ತೆ ಖಾಲಿ.