ನನ್ನ ಪಾಳಿ ಬರುವಷ್ಟರಲ್ಲಿ

ಕೊಪ್ಪಳ,
28 ನವೆಂಬರ್ 2024

ನನ್ನ ಯಜಮಾನರಿಗೆ,

ನಿಮ್ಮ ಹೆಸರು ಹಾಕಿ ಶುರು ಮಾಡೋಣವೆಂದರೆ ಕೈ ಏಳಲಿಲ್ಲ. ಬಾಯಿಂದ ಕರೆಯದ ಹೆಸರನ್ನು ಪೆನ್ನಿನಿಂದ ಹೇಗೆ ಕರೆಯಲಿ? ನಗಬೇಡಿ. ಇಷ್ಟು ದಿನ ಸುಮ್ಮನಿದ್ದೆನೆಂದು ಸಿಟ್ಟೂ ಮಾಡಬೇಡಿ. ಫೋನಿರುವ ಕಾಲದಲ್ಲಿ ಕಾಗದವೇಕೆ ಎನ್ನುತ್ತೀರಿ, ಗೊತ್ತು. ಆಸ್ಪತ್ರೆಗೆ ಬರುವ ಗಡಿಬಿಡಿಯಲ್ಲಿ ನನ್ನ ಫೋನು ಬಿದ್ದು ಒಡೆಯಿತು. ಈಗ ಇರುವುದು ಅತ್ತೆಯದೊಂದೇ. ನಿಮ್ಮ ಫೋನು ಬಂದರೆ ಮೊದಲು ಮಾವ ಭತ್ತದ ಸುಗ್ಗಿ ಎಲ್ಲಿಗೆ ಬಂತೆಂದು ಕೇಳುತ್ತಾರೆ, ಆಮೇಲೆ ಅತ್ತೆ ಉಂಡೆಯೋ ಇಲ್ಲವೋ ಎನ್ನುತ್ತಾರೆ. ನನ್ನ ಪಾಳಿ ಬರುವಷ್ಟರಲ್ಲಿ ನಿಮ್ಮ ಕಟಾವಿನ ಮಷೀನು ಗುರ್ ಎನ್ನುತ್ತದೆ, ಇಡುತ್ತೇನೆ ಎಂದು ಇಟ್ಟೇ ಬಿಡುತ್ತೀರಿ. ಹೇಳಲೇಬೇಕಾದ ಒಂದು ಮಾತು ಹಾಗೇ ಉಳಿದಿದೆ. ನಿಮ್ಮ ಜೊತೆಗಾರ ಗಾಳೆಪ್ಪಣ್ಣ ಮಷೀನಿನ ಬೆಲ್ಟ್ ತೆಗೆದುಕೊಂಡು ನಾಳೆ ನೀವಿರುವ ವಾರಂಗಲ್ಲಿಗೆ ಹೊರಡುತ್ತಾನಂತೆ. ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನನ್ನ ಜೀವಕ್ಕೆ ಈಗ ಭಯವಿಲ್ಲ, ಬಿಪಿ ಇಳಿದಿದೆ. ಬಂದ ದಿನ ಮಾತ್ರ ಕೈಕಾಲು ಬಾತು ಕಣ್ಣಿಗೆ ಕತ್ತಲೆ ಬಂದಿತ್ತು. ಇಲ್ಲಿ ನಸೀಮಾಬಿ ಎಂಬ ನರ್ಸ್ ಇದ್ದಾಳೆ, ನನ್ನ ವಾರಿಗೆಯವಳೇ. ಎರಡೂ ಕೈಯಲ್ಲಿ ನರ ಹುಡುಕಿ ಸೋತಳು. ಕೊನೆಗೆ ಒಂದೇ ಒಂದು ಸಿಕ್ಕಿತು, ಎಡಗೈ ಮಣಿಕಟ್ಟಿನಲ್ಲಿ, ಸರಿಯಾಗಿ ಬಸುರಿಯ ಕುಬುಸದ ದಿನ ತೊಡಿಸಿದ ಹಸಿರು ಬಳೆಗಳ ಕೆಳಗೆ. ಕೈ ಬಾತಿದ್ದರಿಂದ ಬಳೆ ಇಳಿಯಲಿಲ್ಲ, ಒಡೆಯಬೇಕೆಂದಳು. ಹೆರಿಗೆಯಾಗುವ ತನಕ ಕುಬುಸದ ಬಳೆ ಕೈಬಿಡಬಾರದೆಂದು ಅತ್ತೆ ಅಡ್ಡ ನಿಂತರು. ತಾವೇ ಅವನ್ನೆಲ್ಲ ಮೇಲಕ್ಕೆ ಏರಿಸಿ, ಜಾರದಂತೆ ಸೆರಗಿನ ಚುಂಗು ಹರಿದು ಬಿಗಿಯಾಗಿ ಕಟ್ಟಿದರು.

ಆ ಒಂದು ನರದಲ್ಲೇ ಎಲ್ಲ ಹೋಗಬೇಕು. ಫಿಟ್ಸ್ ಬರದಿರಲೆಂದು ಒಂದು ಔಷಧಿ, ಬಿಪಿಗೊಂದು, ನಂಜಿಗೊಂದು, ಮೇಲೆ ಸಲೈನು. ಸೂಜಿಗೆ ಹಚ್ಚಿದ ಸಣ್ಣ ನಲ್ಲಿಗೆ ಮೂರು ಬಾಯಿ. ಕೆಲವು ಔಷಧಿ ಒಂದಕ್ಕೊಂದು ಆಗಿಬರುವುದಿಲ್ಲವಂತೆ, ಕೂಡಿದರೆ ಹಾಲಿಗೆ ಲಿಂಬಿ ಹಿಂಡಿದಂತೆ ಪೈಪಿನಲ್ಲೇ ಒಡೆಯುತ್ತವಂತೆ. ಅದಕ್ಕೆ ನಸೀಮಾಬಿ ಒಂದನ್ನು ನಿಲ್ಲಿಸಿ, ನಡುವೆ ಉಪ್ಪುನೀರು ಬಿಟ್ಟು ತೊಳೆದು, ಇನ್ನೊಂದನ್ನು ಬಿಡುತ್ತಿದ್ದಳು. ನಮ್ಮೂರು ಹಿಟ್ನಾಳದ ನಲ್ಲಿಯ ಮುಂದೆ ಕೊಡ ಪಾಳಿ ಹಚ್ಚಿದಂತೆ ಬಾಟಲಿಗಳು ನನ್ನ ತಲೆಯ ಮೇಲೆ ತೂಗುತ್ತಿದ್ದವು.

ಅಷ್ಟರಲ್ಲಿ ಎಲ್ಲವೂ ಒಮ್ಮೆಲೇ ನಿಂತವು. ಔಷಧಿ ತಳ್ಳುವ ಪಕ್ಕದ ಪಂಪು ಕೂಗತೊಡಗಿತು, ಹನಿ ಬೀಳಲಿಲ್ಲ. ನೋಡಿದರೆ ಅತ್ತೆ ಕಟ್ಟಿದ ಗಂಟು ಆ ನರವನ್ನೇ ಹಿಸುಕಿತ್ತು.

"ಬಳಿ ಉಳಸಾಕ ಹೋಗಿ ಸೊಸಿನ್ನ ಕಳಕೊಂತೀರೇನ್ರೀ ಅಮ್ಮಾ?" ಎನ್ನುತ್ತ ನಸೀಮಾಬಿ ಗಂಟು ಬಿಚ್ಚಿದಳು. ಆದರೂ ಬಳೆ ಒಡೆಯಲಿಲ್ಲ, ಹತ್ತಿಯಿಟ್ಟು ಸಡಿಲಾಗಿ ಪಟ್ಟಿ ಸುತ್ತಿದಳು. ಅಂದಿನಿಂದ ಅತ್ತೆ ಏನನ್ನೂ ಮುಟ್ಟುವುದಿಲ್ಲ, ಕೈ ಮಡಿಲಲ್ಲಿಟ್ಟುಕೊಂಡು ಹನಿ ನೋಡುತ್ತ ಕೂಡುತ್ತಾರೆ. ಪಾಪ, ಅವರ ಜೀವ ಅವರಿಗೆ ಸಾಕಾಗಿದೆ.

ನನಗೆ ನಿಮ್ಮ ನೆನಪು ಭಾಳ ಬರುತ್ತದೆ. ಸುಗ್ಗಿ ಮುಗಿಸಿ ಬಂದಾಗ ನಿಮ್ಮ ತಲೆ ತುಂಬ ಭತ್ತದ ಹೊಟ್ಟು. ಹಾಸಿಗೆ ಹೊಲಸಾಯಿತೆಂದು ನಾನು ಬೈದರೆ ನೀವು ಬೇಕೆಂದೇ ನನ್ನ ತೊಡೆಯ ಮೇಲೆ ತಲೆ ಕೊಡವುತ್ತಿದ್ದಿರಿ. ಈ ಬಿಳಿ ಹಾಸಿಗೆ ಎಷ್ಟು ಸ್ವಚ್ಛ ಇದೆಯೆಂದರೆ ಅಳು ಬರುತ್ತದೆ. ಹೊಲಸು ಮಾಡಲಿಕ್ಕಾದರೂ ಒಮ್ಮೆ ಬನ್ನಿ.

ಗವಿಸಿದ್ಧೇಶ್ವರ ನಿಮ್ಮನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣಿ. ಇನ್ನು ಕೆಳಗಿನದನ್ನು ಮಷೀನಿನ ಮೇಲೆ ಕೂತು ಓದಬೇಡಿ. ಇಳಿದು, ನೀರು ಕುಡಿದು, ಗಾಳೆಪ್ಪಣ್ಣನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಓದಿ.

ನಿಮ್ಮ ದಾರಿ ನೋಡುತ್ತಿರುವ,
ಲಲಿತಾ

ತಾ.ಕ.: ಕುಬುಸದ ಬಳೆಗಳು ಈಗ ನನ್ನ ಕೈಯಲ್ಲಿಲ್ಲ. ಬಾವು ಇಳಿದ ಮೇಲೆ ನಸೀಮಾಬಿ ಸೋಪು ಹಚ್ಚಿ, ಒಂದೂ ಒಡೆಯದಂತೆ ತೆಗೆದಳು. ಹೆರಿಗೆಯಾಯಿತು. ಹೆಣ್ಣುಕೂಸು. ಅದು ಅಳಲೇ ಇಲ್ಲ. ಮಾವ ಹೊಲದ ಬದುವಿನಲ್ಲಿ ಮಣ್ಣು ಕೊಟ್ಟು ಬಂದರು. ಸುಗ್ಗಿ ಮುಗಿಯುವ ತನಕ ನಿಮಗೆ ಹೇಳಬೇಡವೆಂದು ಅತ್ತೆ ನನಗೆ ಕೈ ಮುಗಿದರು. "ಮಷೀನ್ ಮ್ಯಾಲ ಕುಂತಿರ್ತಾನ, ಲಕ್ಷ್ಯ ತಪ್ಪಿದ್ರ ಅವನೂ ನಮಗ ಉಳಿಯಂಗಿಲ್ಲ" ಎಂದರು. ಫೋನು ನನ್ನ ಕೈಗೆ ಕೊನೆಗೆ ಬರುತ್ತಿದ್ದುದು ಅದಕ್ಕೇ. ಮೊನ್ನೆ ಇಡುವ ಮುಂಚೆ ನೀವು, "ಕೂಸು ಒದಿತೈತೇನು?" ಎಂದು ಕೇಳಿದಿರಿ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಹೂಂ ಎಂದೆ. ನೀವು ನಕ್ಕಿರಿ. ಆ ನಗು ಕೇಳಿದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ಅವಳ ಮೂಗು ನಿಮ್ಮದೇ ಇತ್ತು. ಬನ್ನಿ. ಅವಳು ಹೇಗಿದ್ದಳೆಂದು ಇಲ್ಲಿ ಯಾರೂ ನನ್ನನ್ನು ಕೇಳುವುದಿಲ್ಲ, ನೀವಾದರೂ ಕೇಳಿ.