ಮರವಿಲ್ಲದ ದಾರಿ

ಹೊಸೂರು

ಚಿರಂಜೀವಿ ಪ್ರತಿಮಾಳಿಗೆ,

ಫೋನಿನಲ್ಲಿ ಹೇಳೋಣವೆಂದರೆ ಅಳಿಯಂದಿರು ಸ್ಪೀಕರ್ ಹಾಕಿರುತ್ತಾರೆ. ಅದಕ್ಕೇ ಈ ಚೀಟಿಯನ್ನು ಮಸ್ಕತ್ತಿಗೆ ನಿನಗೆ ಕಳಿಸುತ್ತಿರುವ ರಾಗಿಹಿಟ್ಟಿನ ಡಬ್ಬಿಯಲ್ಲಿಟ್ಟಿದ್ದೇನೆ. ಓದಿ ಹರಿದುಬಿಡು.

ಬೇಸಿಗೆ ರಜೆಗೆ ಮಸ್ಕತ್ತಿನಿಂದ ಸಲಾಲಾವರೆಗೆ ಕಡಲಂಚಿನ ಮರಳುಗಾಡಿನಲ್ಲಿ ಕಾರಿನಲ್ಲೇ ಹೋಗೋಣ ಎಂದಿರಲ್ಲ, ಮಂಡಿನೋವೆಂದು ನಾನು ತಪ್ಪಿಸಿಕೊಂಡದ್ದು ಸುಳ್ಳು. ಕೆಮ್ಮಿದರೆ, ನಕ್ಕರೆ ನನಗೀಗ ಸೀರೆ ಒದ್ದೆಯಾಗುತ್ತದೆ ಕಣೇ. ಇಲ್ಲೇ ಪಕ್ಕದ ಬಾಗಲೂರಿಗೆ ಹೋಗುವಷ್ಟರಲ್ಲೇ ಆಟೋ ನಿಲ್ಲಿಸಿ ಮರದ ಮರೆಗೆ ಓಡುತ್ತೇನೆ. ನಿಮ್ಮ ಆ ಮರಳುಗಾಡಿನಲ್ಲಿ ಗಿಡವೂ ಇಲ್ಲವಂತೆ. ಅಳಿಯಂದಿರೋ, “ಬನ್ನಿ ಅತ್ತೆ, ದಾರಿಯುದ್ದಕ್ಕೂ ನಗಿಸ್ಕೊಂಡು ಕರ್ಕೊಂಡೋಗ್ತೀನಿ” ಅನ್ನುತ್ತಾರೆ.

ಆದರೂ ಆ ಸಮುದ್ರ ನೋಡುವ ಆಸೆ, ಬರುತ್ತೇನೆ. ಕಾರಿನಲ್ಲಿ ಪುಟ್ಟುವನ್ನು ನನ್ನ ತೊಡೆಯ ಮೇಲೇ ಕೂರಿಸು. ಸೀಟು ಒದ್ದೆಯಾದರೆ ಮಗು ಮಾಡಿತೆಂದುಕೊಳ್ಳುತ್ತಾರೆ. ಅವನನ್ನು ಮಾತ್ರ ಯಾರೂ ಬೈಯದ ಹಾಗೆ ನೋಡಿಕೋ.

ನಿನ್ನ ಅಮ್ಮ,
ಜಲಜಾಕ್ಷಿ